ಆಗ್ನೇಯ ದಿಕ್ಕಿನ ಎಸಳು

ಅಮೋಘಸಿದ್ಧನ ಕುರಿಗಳನ್ನು ಪೊಲೀಸರು ಬಸವನ ಬಾಗೇವಾಡಿಯ ಕೊಂಡವಾಡದ ದೊಡ್ಡಿಗೆ ಹೊಡೆದುಕೊಂಡು ಹೋದರು. ಅವನನ್ನು ಠಾಣೆಗೆ ಒಯ್ದರು. ಮರಿಗಳನ್ನು ಬೋರಲು ಹಾಕಿದ ಬುಟ್ಟಿಯ ಕೆಳಗೆ ಬಿಟ್ಟು ಹೋದರು.

ಬಿದಿರಿನ ಆ ದೊಡ್ಡ ಬುಟ್ಟಿಯ ಪಕ್ಕದಲ್ಲಿ ಅವನ ಹೆಂಡತಿ ರೇವವ್ವ ಕಂಬಳಿ ಮೇಲೆ ಕೂತಿದ್ದಳು. ತೊಡೆಯ ಮೇಲೊಂದು ಮರಿ, ಎದುರಿಗೆ ಗೂಟಕ್ಕೆ ಕಟ್ಟಿದ್ದ ಆಡು. ಕಟ್ಟಿದ್ದರಿಂದಲೇ ಆ ಆಡು ಉಳಿದಿತ್ತು, ಇಲ್ಲದಿದ್ದರೆ ಅದೂ ಹಿಂಡಿನ ಜೊತೆ ಹೋಗಿರುತ್ತಿತ್ತು. ಒಂದು ಮರಿಯ ಬಾಯನ್ನು ಆಡಿನ ಮೊಲೆಗೆ ಹಿಡಿಯುವಳು, ಎರಡು ಗುಟುಕು ಕುಡಿದೊಡನೆ ಕಿತ್ತು ಬುಟ್ಟಿಯ ಕೆಳಗೆ ತೂರಿಸುವಳು, ಇನ್ನೊಂದನ್ನು ಎತ್ತುವಳು. ಆಡು ಕಾಲು ಝಾಡಿಸುತ್ತಿತ್ತು.

ಬೇಲಿಯ ಆಚೆ ನಿಂತ ಸೋಮನಿಂಗ ಬಾಟಲಿಯಲ್ಲಿ ತಂದಿದ್ದ ಹಾಲನ್ನು ಚಾಚಿದ.

"ಎಮ್ಮಿ ಹಾಲೇನು?" ಎಂದಳು ರೇವವ್ವ, ತಲೆಯೆತ್ತದೆ.

"ಹೋಟೆಲ್‌ದ್ದು, ದೊಡ್ಡವ್ವಾ. ಕುಡಿಸಿ ನೋಡು."

"ನಿನ್ನೆ ಕುಡಿಸಿ ನೋಡೀನಿ. ಬೇಧಿ ಹತ್ತಿ ಎರಡು ಸತ್ವು. ಇಟ್ಟು ಹೋಗು, ನಾನಾರ ಕುಡಿತೇನಿ." ಆಮೇಲೆ ಅವನನ್ನು ನೋಡಿದಳು. "ಏನ್ ತಮ್ಮಾ, ನಿಮ್ಮ ಕಂಬ ಈಗಾರ ಸುಮ್ನ ಅದಾವೋ? ನಾವು ಎದ್ವಿ, ಹಿಂಡು ಎತ್ತಿ ಒಯ್ದ್ರು. ಈಗ ನೆಟ್ಟಗ ಆಗಿರಬೇಕಲ್ಲ."

ಸೋಮನಿಂಗ ಬಾಟಲಿಯನ್ನು ಬೇಲಿಯ ಬುಡದಲ್ಲಿ ಇಟ್ಟ. ಕಂಬಗಳು ನೆಟ್ಟಗಾಗಿರಲಿಲ್ಲ.

ಸೋಮನಿಂಗ ದುಡಿಯುವ, ಬೇಲಿಯೊಳಗಿನ ಆ ರೇಡಿಯೊ ಕೇಂದ್ರವನ್ನು ಊರವರು ಕಂಬದ ಆಫೀಸು ಎನ್ನುತ್ತಿದ್ದರು. ಬಾಗೇವಾಡಿಯ ಹೊರಗೆ ಗುಡ್ಡವಿಲ್ಲದ, ಮರವಿಲ್ಲದ ಬಯಲು. ಮೊದಲು ಅದು ಊರ ದನಕುರಿ ಮೇಯುವ ಗಾಯರಾಣ. ಅಲೆಗಳಿಗೆ ಅಡ್ಡವಿಲ್ಲದ ಜಾಗ ಬೇಕೆಂದು ಬಂದವರು ಕುರುಬರಿಗೂ ಅಡ್ಡವಿಲ್ಲದ ಜಾಗ ಬೇಕಲ್ಲ ಎಂದು ಕೇಳಿದವರಲ್ಲ. ಮುಳ್ಳುತಂತಿ ಎಳೆದು, ನಡುವೆ ಎರಡಾಳೆತ್ತರದ ಕಬ್ಬಿಣದ ಕಂಬಗಳನ್ನು ಒಂದು ಸಾಲಾಗಿ ನೆಟ್ಟರು. ಇಂಡಿ, ಸಿಂದಗಿ ಸೀಮೆಯ ಸಾಲೆಗಳಿಗೆ ಪಾಠ, ರೈತರಿಗೆ ಬಿತ್ತನೆಯ ಮಾತು ಇಲ್ಲಿಂದಲೇ ಗಾಳಿಯಲ್ಲಿ ಹೋಗುವುದಿತ್ತು. ಒಂದೇ ಕಂಬವಾದರೆ ಕಂದೀಲಿನ ಬೆಳಕಿನ ಹಾಗೆ ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲುತ್ತದೆ. ಸಾಲು ಕಂಬಗಳಿಗೆ ಲೆಕ್ಕದಿಂದ ಕರೆಂಟು ಹಂಚಿದರೆ ಒಂದು ದಿಕ್ಕಿನಲ್ಲಿ ಅಲೆಗೆ ಅಲೆ ಕೂಡಿ ಬಲವಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಅಲೆಯನ್ನು ಅಲೆಯೇ ನುಂಗಿ ಸೊನ್ನೆಯಾಗುತ್ತದೆ. ಯಾವ ದಿಕ್ಕಿಗೆ ಎಷ್ಟು ಎಂಬುದನ್ನು ಕಾಗದದ ಮೇಲೆ ಬರೆದರೆ ಹೂವಿನ ಎಸಳುಗಳ ಹಾಗೆ ಕಾಣುತ್ತದೆ. ದೊಡ್ಡ ಎಸಳು ಇಂಡಿ, ಸಿಂದಗಿಗಳ ಕಡೆಗೆ ಚಾಚಬೇಕು. ಆಗ್ನೇಯಕ್ಕೆ, ಮುದ್ದೇಬಿಹಾಳದ ದಾರಿಯ ಕಡೆಗೆ, ಎಸಳೇ ಇರಬಾರದು. ಅಲ್ಲಿ ಸರಕಾರದ ವೈರ್‌ಲೆಸ್ ಠಾಣೆಯಿತ್ತು.

ಈ ಹೂವನ್ನು ಬಿಡಿಸಿದವರು ಪರಪ್ಪ ಸಾಹೇಬರು. ತಂಗಡಗಿಯ ಹೊಳೆದಂಡೆಯ ಎರೆಹೊಲಗಳ ಮನೆತನ. ಪರದೇಶದಲ್ಲಿ ಓದಿ ಬಂದವರು. ಅವರ ಲೆಕ್ಕದ ಮೊದಲ ಸಾಲು ಹೀಗಿತ್ತು: ಪ್ರತಿಯೊಂದು ಕಂಬವೂ ಒಂಟಿಯಾಗಿ ನಿಂತಿದೆ ಎಂದು ಇಟ್ಟುಕೊಳ್ಳೋಣ. ಆ ಒಂದು ಸಾಲನ್ನು ಇಟ್ಟುಕೊಂಡರೆ ಮುಂದಿನದೆಲ್ಲ ಚೆಂದವಾಗಿ ಬರುತ್ತಿತ್ತು.

ಆದರೆ ಕಂಬಗಳು ಒಂಟಿಯಾಗಿರಲಿಲ್ಲ. ಒಂದರಿಂದೊಂದು ನಾಲ್ಕು ಹೆಜ್ಜೆ ದೂರ. ಒಂದು ಚೆಲ್ಲಿದ್ದನ್ನು ಪಕ್ಕದ್ದು ಕುಡಿಯುತ್ತಿತ್ತು, ಕುಡಿದದ್ದನ್ನು ತಡವಾಗಿ ಮತ್ತೆ ಉಗುಳುತ್ತಿತ್ತು. ನಡುವಿನವಕ್ಕೆ ಎರಡೂ ಕಡೆಯ ಎಳೆದಾಟ, ತುದಿಯವಕ್ಕೆ ಒಂದೇ ಕಡೆಯದು. ಸಾಹೇಬರು ಹಂಚಿದ ಕರೆಂಟೇ ಬೇರೆ, ಕಂಬಗಳಲ್ಲಿ ಉಳಿದ ಕರೆಂಟೇ ಬೇರೆ. ಹಾಗಾಗಿ ಸೊನ್ನೆ ಇರಬೇಕಾದ ಆಗ್ನೇಯಕ್ಕೆ ಗಿಡ್ಡದೊಂದು ದಪ್ಪ ಎಸಳು ಮೊಳೆತಿತ್ತು. ವೈರ್‌ಲೆಸ್ ಠಾಣೆಯವರ ಕಿವಿಯಲ್ಲಿ ಒಂದೇ ಸಮನೆ ಸಿಳ್ಳು.

ಬೇರೆ ವರ್ಷವಾಗಿದ್ದರೆ ಎರಡು ಕಾಗದ ಅತ್ತಿತ್ತ ಓಡಾಡಿ ಮುಗಿಯುತ್ತಿತ್ತು. ಅದು ಎಮರ್ಜೆನ್ಸಿಯ ವರ್ಷ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಮಾತು ಕಡಿಮೆ ಮಾಡಿ ದುಡಿಯಿರೆಂದು ಆಳೆತ್ತರದ ಅಕ್ಷರದಲ್ಲಿ ಬರೆದಿದ್ದರು. ಸರಕಾರದ ಕಿವಿಯಲ್ಲಿ ಸಿಳ್ಳು ಹೊಡೆದವರು ಯಾರು ಎಂದು ವಿಜಾಪುರದಿಂದ ಜೀಪು ಬಂದಾಗ ಪರಪ್ಪ ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಬೇಲಿಗೆ ಹೊಂದಿಕೊಂಡ ಗುರಪ್ಪನ ಬೀಳು ಹೊಲದಲ್ಲಿ ಕುರಿಹಟ್ಟಿ ಕಂಡಿತು.

"ಅದ ನೋಡ್ರಿ. ಹಟ್ಟಿಗೆ ಕಬ್ಬಿಣದ ತಂತಿ ಬಿಗದು ನಮ್ಮ ಕಂಬಕ್ಕ ಕಟ್ಯಾರ," ಎಂದರು.

ಹಟ್ಟಿಗೆ ಬಿಗಿದದ್ದು ಪುಂಡಿನಾರಿನ ಬಲೆ, ಗೂಟಗಳು ಜಾಲಿಯವು. ಗೊಬ್ಬರಕ್ಕೆಂದು ಹಿಂಡನ್ನು ರಾತ್ರಿ ಹೊಲದಲ್ಲಿ ತರುಬಲು ಕರೆಸಿದವನು ಗುರಪ್ಪನೇ. ಅದಕ್ಕೆ ಕೂಲಿಯೆಂದು ಮಾತಾಡಿದ್ದ ಜೋಳವನ್ನು ಇನ್ನೂ ಕೊಟ್ಟಿರಲಿಲ್ಲ. ಪೊಲೀಸರು ಬಂದೊಡನೆ, "ನಾ ಯಾವ ಕುರುಬನ್ನೂ ಕರದಿಲ್ರಿ, ಅವನ ಬಂದು ಕುಂತಾನ," ಎಂದುಬಿಟ್ಟ. ಗೊಬ್ಬರ ಹೊಲದಲ್ಲಿಯೇ ಉಳಿಯಿತು. ಇನ್ನೊಂದು ಮಾತಿತ್ತು. ಹಟ್ಟಿ ಹಾಕಿದ ದಿನ ಅಮೋಘಸಿದ್ಧ ಬೇಲಿಯ ಹತ್ತಿರ ಬಂದು, "ತಮ್ಮಾ, ಇಲ್ಲಿ ತರುಬಿದ್ರ ನಿಮ್ಮ ಕಂಬಕ್ಕ ಏನಾರ ಆಗತೈತೇನು?" ಎಂದು ಕೇಳಿದ್ದ. "ಏನೂ ಆಗಾಂಗಿಲ್ಲ ಕಾಕಾ," ಎಂದವನು ಸೋಮನಿಂಗ. ಆ ಮಾತು ಅವರಿಬ್ಬರ ನಡುವೆಯೇ ಇತ್ತು. ಠಾಣೆಯಲ್ಲಿ ಅಂಗಾಲಿಗೆ ಬಡಿಗೆ ಬಿದ್ದಾಗಲೂ ಅಮೋಘಸಿದ್ಧ ಅದನ್ನು ಬಾಯಿ ಬಿಟ್ಟಿರಲಿಲ್ಲ.

ಸೋಮನಿಂಗ ತಾಂಬಾದವನು. ಅವನ ಅವ್ವ ತಿಪ್ಪವ್ವ ಈಗಲೂ ಹಿಂಡಿನ ಹಿಂದೆ ಹೋಗುತ್ತಿದ್ದಳು. ಹಾಲುಮತದ ಹುಡುಗನೊಬ್ಬ ಎಂಜಿನಿಯರಿಂಗ್ ಓದಿದ್ದು ಆ ಕಡೆ ಅದೇ ಮೊದಲು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ.

ಹಟ್ಟಿ ಎತ್ತಿದ ಮರುದಿನವೇ ಅವನು ಮತ್ತೆ ಅಳತೆ ತೆಗೆಸಿದ. ಜೀಪಿನ ಡ್ರೈವರು ಕಾಸಿಂಸಾಬ ಮೀಟರನ್ನು ಹಿಂದೆ ಇಟ್ಟುಕೊಂಡು ಕಂಬಗಳ ಸುತ್ತ ದೂರದಲ್ಲಿ ನೆಟ್ಟ ಗೂಟಗಳ ಬಳಿ ನಿಂತು ನಿಂತು ಬಂದ. ಬಂದವನೇ, "ಸಾಬ, ಕುರಿ ಹೋದ್ವು, ಕುರುಬ ಹೋದ, ಮೀಟರಿನ ಮುಳ್ಳು ಮಾತ್ರ ಅಲ್ಲೇ ಕುಂತೈತಿ. ಬಹುಶಃ ಅದಕ್ಕ ಯಾರೂ ಸುದ್ದಿ ಮುಟ್ಟಿಸಿಲ್ಲ," ಎಂದ.

ಆ ಅಳತೆಗಳಿಂದ ಬರೆದ ಎಸಳುಗಳ ನಕ್ಷೆ ಹಿಡಿದು ಸೋಮನಿಂಗ ಪರಪ್ಪ ಸಾಹೇಬರ ಕೋಣೆಗೆ ಹೋದ.

"ಹಟ್ಟಿ ಎತ್ತಿದ ಮ್ಯಾಲೂ ಎಸಳು ಅಲ್ಲೇ ಐತ್ರಿ, ಸಾಹೇಬ್ರ."

"ಮೀಟರ್ ಕೆಟ್ಟಿರಬೇಕು."

"ಮೀಟರ್ ಛಲೋ ಐತ್ರಿ. ಕಂಬಗೋಳ ಒಂದರದೊಂದು ಎಳಕೊಳ್ಳಾಕತ್ತಾವು. ಮಟಮಟ ಬಿಸಲಾಗ ಕುರಿ ಹೆಂಗ ನಿಂದರ್ತಾವ ನೋಡೀರಿಲ್ಲೋ? ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ಹಾಕತೈತಿ. ನಡುವಿನ ಕುರಿ ನಿಂತಂಗ ಕಡೀ ಕುರಿ ನಿಂದ್ರಾಂಗಿಲ್ಲ. ಒಂದನ್ನ ಜಗ್ಗಿದ್ರ ಹಿಂಡೆಲ್ಲಾ ಸರಿತೈತಿ. ನೀವು ಒಂದೊಂದ ಕುರೀನ ಬ್ಯಾರೆ ಬ್ಯಾರೆ ಬಯಲಾಗ ನಿಲ್ಲಿಸಿ ಲೆಕ್ಕಾ ಹಾಕೀರಿ."

ಪರಪ್ಪ ಸಾಹೇಬರು ಕನ್ನಡಕ ತೆಗೆದು ಮನಸಾರೆ ನಕ್ಕರು. "ಅಷ್ಟು ವರ್ಷ ಹೊರಗ ಓದಿ ಬಂದ್ನೆಪ್ಪಾ, ಒಬ್ಬ ಮಗನೂ ನನಗ ಕುರಿ ತೋರಿಸ್ಲಿಲ್ಲ ನೋಡು! ಡಿಗ್ರಿ ಬಂದ್ರೂ ಹಟ್ಟಿ ಬಿಡವಲ್ದು ನಿನ್ನ."

ಸೋಮನಿಂಗನ ಕಿವಿ ಬಿಸಿಯಾಯಿತು. ಆದರೂ ಹೇಳಿ ಮುಗಿಸಿದ. "ಪ್ರತಿ ಕಂಬಕ್ಕೂ ಉಳದ ಕಂಬದಿಂದ ಏನು ಬರತೈತಿ ಅಂತ ಅಳೀಬೇಕ್ರಿ. ಅದನ್ನ ಕಳದು ಕೂಡಿಸಿ ಹೊಸದಾಗಿ ಹಂಚಿಕಿ ಮಾಡಬೇಕು. ಮಳಿಗಾಲ ಮುಗಿಯೂತನಕ ಹಿಡೀತೈತಿ. ಆದ್ರ ಸೊನ್ನಿ ಬರತೈತಿ, ಖಾತ್ರಿ."

"ಇದನ್ನ ಚಾಲೂ ಮಾಡಾಕ ಮಂತ್ರಿಗಳು ಬರೋದು ಮುಂದಿನ ತಿಂಗಳ. ನನ್ನ ಲೆಕ್ಕ ಡೆಲ್ಲಿಗಿ ಹೋಗಿ ಛಾಪಾನೂ ಆಗೇತಿ. ಈಗ ಹೋಗಿ ನಾ ಏನಂತ ಹೇಳ್ಲಿ? ಕುರಿ ಕೇಳಿ ಬಂದೆ ಅಂತೇನು?"

"ಖರೇ ಅಂತ ತೋರಿಸಬಹುದ್ರಿ. ಒಂದು ಬಿಟ್ಟು ಒಂದು ಕಂಬ ಬಂದ್ ಮಾಡಿದ್ರ ನಡುವಿನ ದೂರ ಹೆಚ್ಚಾಗತೈತಿ, ಎಳದಾಟ ಕಡಿಮಿ ಆಗತೈತಿ. ನಾ ಮಾಡಿ ನೋಡೀನಿ. ಮುದ್ದೇಬಿಹಾಳ ಕಡಿ ಎಸಳು ಉದುರಿ ಹೋಗತೈತಿ. ಆದ್ರ ಸಿಂದಗಿ ಕಡಿ ದನಿ ಪಿಸುಮಾತಾಗತೈತಿ, ಅದಕ್ಕ ಹಂಗ ಬಿಡಾಕ ಬರಾಂಗಿಲ್ಲ."

ಸಾಹೇಬರ ನಗು ನಿಂತಿತು. ಕನ್ನಡಕ ಹಾಕಿಕೊಂಡು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು. "ಸ್ವಿಚ್ ಎಳದ ಕೂಡ್ಲೇ ಮುಳ್ಳು ಇಳೀತೈತೇನು?"

"ಕೂಡ್ಲೇ ಇಳೀತೈತ್ರಿ."

"ಹೌದಾ," ಎಂದರು ಮೆಲ್ಲಗೆ. "ಕೂಡ್ರು. ನಿಂತಿ ಯಾಕ? ಚಾ ಕುಡಿತೀಯೇನು?"

ಆ ಕೋಣೆಯಲ್ಲಿ ಸೋಮನಿಂಗನಿಗೆ ಕೂಡ್ರು ಎಂದು ಯಾರಾದರೂ ಅಂದದ್ದು ಅದೇ ಮೊದಲು. ಕೂತ. ಚಾ ಕುಡಿದ. ತಾನು ಏನನ್ನು ಎತ್ತಿ ಅವರ ಕೈಗೆ ಕೊಟ್ಟೆ ಎಂಬುದು ಅವನಿಗೆ ಮರುದಿನ ಗೊತ್ತಾಯಿತು.

ಮರುದಿನ ಬಾಗೇವಾಡಿಯ ಅಂಗಡಿಯಿಂದ ಹೊಸ ಕಬ್ಬಿಣದ ತಂತಿಯ ಸುರುಳಿ ಬಂತು. ಹಟ್ಟಿಯ ಹಳೆಯ ತಂತಿಯಂತೆ ಕಾಣಲೆಂದು ಅದಕ್ಕೆ ಸಗಣಿ ನೀರು ಹೊಡೆದು ಬಿಸಿಲಿಗೆ ಹಾಕಿಸಿದರು. ಸಾಹೇಬರು ಸೋಮನಿಂಗನ ಹೆಗಲ ಮೇಲೆ ಕೈಯಿಟ್ಟು ಕಂಬಗಳ ಸಾಲಿನ ಉದ್ದಕ್ಕೂ ನಡೆಸಿಕೊಂಡು ಹೋದರು.

"ಬುಧವಾರ ವಿಜಾಪುರದ ಅಧಿಕಾರಿಗಳು ಬರ್ತಾರ. ಆಗ್ನೇಯದ ಗೂಟದ ಹಂತೇಕ ಶಾಮಿಯಾನ ಹಾಕ್ಸಿ ಮೀಟರ್ ಇಡ್ತೇನಿ. ಮೊದಲು ಕಂಬದ ಬುಡಕ್ಕ ಈ ತಂತಿ ಕಟ್ಟಿ ತೋರಸ್ತೇನಿ. ಮುಳ್ಳು ಮ್ಯಾಲ ಇರತೈತಿ. ಆಮ್ಯಾಲ ತಂತಿ ಕತ್ತರಸ್ತೇನಿ. ಕತ್ತರಿಸಿ, ವಸ್ತ್ರ ಬೀಸ್ತೇನಿ. ನೀ ಸ್ವಿಚ್ಚಿನ ಖೋಲ್ಯಾಗ ಇರು. ಒಂದು ಬಿಟ್ಟು ಒಂದು ಎಳದುಬಿಡು. ಮುಳ್ಳು ಬೀಳತೈತಿ. ಅಷ್ಟ."

"ಅವನಿಗೆ ಏನಾಗತೈತ್ರಿ?"

"ಯಾರಿಗೆ?"

"ಅಮೋಘಸಿದ್ಧಗ."

"ಆರ್ತಿಂಗಳು ಒಳಗ ಕುಂಡ್ರತಾನ, ಬರ್ತಾನ. ದೊಡ್ಡ ದೊಡ್ಡವರ ಕುಂತಾರ ಈಗ. ಕುರಿ ಸಂತಿ ದಿನ ಹರಾಜಾಗ್ತಾವು. ಮತ್ತ ಕಟ್ಟತಾನ. ಕುರುಬರಿಗಿ ಹಿಂಡು ಕಟ್ಟೋದ ಕಲಿಸಬೇಕೇನು?" ಅವರು ನಡೆಯುವುದನ್ನು ನಿಲ್ಲಿಸಿದರು. "ನೋಡು ಸೋಮನಿಂಗಾ, ನಿನ್ನ ಖಾಯಂ ಆಗೋದು ನನ್ನ ಕೈಯಾಗ ಐತಿ, ಅದನ್ನ ನಾ ಮಾಡ್ತೇನಿ. ಇನ್ನೊಂದು ಮಾತು. ಬೇಲಿ ಹೊರಗಿನ ಹಟ್ಟಿ ಕುರುಬರದು, ಬೇಲಿ ಒಳಗಿನ ಹುಡುಗನೂ ಕುರುಬರವ. ಇಬ್ಬರೂ ಕೂಡಿ ಮಾಡ್ಯಾರ ಅಂತ ಫೌಜದಾರ ಆಗಲೇ ಕೇಳಿದ. ಹಂಗಿಲ್ಲಪ್ಪಾ, ಹುಡುಗ ನಮ್ಮವ ಅಂದೀನಿ. ನನ್ನ ಮಾತು ಸುಳ್ಳ ಮಾಡಬ್ಯಾಡ."

ಹೆಗಲ ಮೇಲಿನ ಕೈ ಹಗುರಾಗಿಯೇ ಇತ್ತು.

ಸೋಮನಿಂಗ ಕೊಂಡವಾಡದ ದಾರಿಯಲ್ಲಿ ಹೋಗದೆ ಎರಡು ದಿನ ಸುತ್ತು ಬಳಸಿ ಓಡಾಡಿದ. ಮೂರನೆಯ ದಿನ ಕಾಸಿಂಸಾಬ ಜೀಪನ್ನು ಬೇಕೆಂದೇ ಆ ಗೋಡೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಬೀಡಿ ಹಚ್ಚಲು ಕಡ್ಡಿ ಹುಡುಕತೊಡಗಿದ. ಗೋಡೆಯಾಚೆ ನೆರಳಿರಲಿಲ್ಲ. ಕುರಿಗಳು ಒಂದರ ಹೊಟ್ಟೆಯ ಕೆಳಗೊಂದು ತಲೆ ತೂರಿಸಿ ನಿಂತಿದ್ದವು. ಮರಿ ಕುಡಿಯದೆ ಕೆಚ್ಚಲುಗಳು ಕಲ್ಲಾಗಿ, ಕೆಲವು ಹಿಂಗಾಲನ್ನು ಅಗಲಿಸಿಕೊಂಡು ನಿಂತಿದ್ದವು. ಗೇಟಿನ ಬಳಿ ರೇವವ್ವ ಕಂಬಳಿಯ ಜೋಳಿಗೆಯಲ್ಲಿ ಮರಿಗಳನ್ನು ಹೊತ್ತು ನಿಂತಿದ್ದಳು. ಕೊಂಡವಾಡದವನು ಅವಳನ್ನು ಬಿಡುತ್ತಿರಲಿಲ್ಲ.

"ಅವು ಸರಕಾರದ ಕುರಿ ಈಗ. ಸರಕಾರದ ಹಾಲು ನಿನ್ನ ಮರಿಗಿ ಹೆಂಗ ಕೊಡ್ಲಿಬೇ?" ಎನ್ನುತ್ತಿದ್ದ ಅವನು.

"ಸರಕಾರದ ಹಾಲು ನೆಲಕ್ಕ ಸೋರಾಕತ್ತೈತಲ್ಲೋ, ನಿನ್ನ ಬಾಯಾಗ ಮಣ್ಣು ಬೀಳಲಿ! ನಿಮ್ಮ ಸರಕಾರಕ್ಕ ಮರಿ ಅದಾವೇನು?"

ಮರಿಗಳ ಕೂಗಿಗೆ ಒಳಗಿನ ತಾಯಿಕುರಿಗಳು ಒಟ್ಟಿಗೇ ತಲೆಯೆತ್ತಿದವು. ಒಂದು ಸರಿದದ್ದೇ ತಡ, ಹಿಂಡೆಲ್ಲ ಗೇಟಿಗೆ ಬಂದು ಬಡಿಯಿತು. ಕೊಂಡವಾಡದವನು ಬಡಿಗೆ ಎತ್ತಿದ.

"ಕಡ್ಡಿ ಸಿಕ್ತು, ನಡೀರಿ," ಎಂದ ಕಾಸಿಂಸಾಬ.

ಬುಧವಾರ ಬೆಳಿಗ್ಗೆ ಶಾಮಿಯಾನದ ಕೆಳಗೆ ಕುರ್ಚಿಗಳು ಬಂದವು. ಮೇಜಿನ ಮೇಲೆ ಮೀಟರು. ಎಲ್ಲರಿಗೂ ಕೇಳಲೆಂದು ಅದಕ್ಕೊಂದು ಭೋಂಗಾ ಜೋಡಿಸಿದ್ದರು. ಅಧಿಕಾರಿಗಳು ಎಳನೀರು ಕುಡಿದರು. ಗುರಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅಮೋಘಸಿದ್ಧನನ್ನು ಮುಂದೆ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂಡಿಸಿದ್ದರು. ಅಂಗಾಲು ಊರಲಾರದೆ ಅವನು ಮತ್ತೆ ಮತ್ತೆ ಪಕ್ಕಕ್ಕೆ ವಾಲುತ್ತಿದ್ದ, ಪೊಲೀಸಿನವನು ಹಗ್ಗ ಜಗ್ಗಿ ನೆಟ್ಟಗೆ ಮಾಡುತ್ತಿದ್ದ. ಬೇಲಿಯ ಹೊರಗೆ ಬುಟ್ಟಿ. ಬುಟ್ಟಿಯ ಪಕ್ಕದಲ್ಲಿ ರೇವವ್ವ.

ಸ್ವಿಚ್ಚಿನ ಖೋಲಿ ಕಂಬಗಳ ಈ ತುದಿಯಲ್ಲಿತ್ತು. ತಗಡಿನ ಮಾಡು, ಒಂದು ಕಿಟಕಿ. ಗೋಡೆಯ ಮೇಲೆ ಕಂಬಕ್ಕೊಂದರಂತೆ ಸ್ವಿಚ್ಚುಗಳ ಸಾಲು. ಒಂದು ಬಿಟ್ಟು ಒಂದಕ್ಕೆ ಪರಪ್ಪ ಸಾಹೇಬರೇ ತಮ್ಮ ಕೈಯಾರೆ ಕುಂಕುಮ ಹಚ್ಚಿ ಹೋಗಿದ್ದರು. ತಪ್ಪಾಗಬಾರದೆಂದು. ಬಂದವರು ಯಾರಾದರೂ ನೋಡಿದರೆ ಪೂಜೆ ಮಾಡಿದ್ದಾರೆ ಎಂದುಕೊಳ್ಳಬೇಕು.

ಸೋಮನಿಂಗ ಟ್ರಾನ್ಸ್‌ಮಿಟರು ಹಾಕಿದ. ಬಯಲಿನಾಚೆ ಭೋಂಗಾ ಸಿಳ್ಳು ಹಾಕತೊಡಗಿತು. ಕಿಟಕಿಯಿಂದ ಎಲ್ಲ ಕಾಣುತ್ತಿತ್ತು. ಸಾಹೇಬರು ಕೋಲಿನಿಂದ ತಂತಿಯನ್ನು ತೋರಿಸಿದರು, ಹಟ್ಟಿ ಇದ್ದ ಜಾಗವನ್ನು ತೋರಿಸಿದರು, ಅಮೋಘಸಿದ್ಧನನ್ನು ತೋರಿಸಿದರು. ಕುರ್ಚಿಯಲ್ಲಿದ್ದವರ ತಲೆಗಳು ಆ ಕಡೆ, ಈ ಕಡೆ, ಕೆಳಕ್ಕೆ ತಿರುಗಿದವು. ಆಳೊಬ್ಬ ಬಂದು ಇಕ್ಕಳದಿಂದ ತಂತಿ ಕತ್ತರಿಸಿದ. ಸಗಣಿ ಮೆತ್ತಿದ ಆ ತಂತಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

ಸಾಹೇಬರು ಕಿಸೆಯಿಂದ ಬಿಳಿ ವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಆಮೇಲೆ ಬೀಸಿದರು.

ಸೋಮನಿಂಗನ ಕೈ ಮೊದಲ ಕುಂಕುಮದ ಹಿಡಿಕೆಯ ಮೇಲಿತ್ತು. ಹಿಡಿಕೆ ಬಿಸಿಯಾಗಿತ್ತು. ಸಿಳ್ಳು ಹಾಗೆಯೇ ಬರುತ್ತಿತ್ತು, ಏರದೆ, ಇಳಿಯದೆ. ಅವನು ಕೈ ತೆಗೆದು, ಬೆರಳಿಗೆ ಹತ್ತಿದ್ದ ಕುಂಕುಮವನ್ನು ಗೋಡೆಗೆ ಒರೆಸಿ, ಸ್ಟೂಲಿನ ಮೇಲೆ ಕೂತ.

ವಸ್ತ್ರ ಎರಡನೆಯ ಸಲ ಬೀಸಿತು. ಮೂರನೆಯ ಸಲ ಬೀಸುವಾಗ ಸಾಹೇಬರು ಅಧಿಕಾರಿಗಳ ಕಡೆ ತಿರುಗಿ ಏನೋ ಹೇಳಿ ನಕ್ಕರು. ಕುರ್ಚಿಯಲ್ಲಿದ್ದ ಒಬ್ಬರು ಎದ್ದು ಮೀಟರಿನ ಮೇಲೆ ಬಾಗಿದರು. ಸ್ವಲ್ಪ ಹೊತ್ತಿಗೆ ಕಾಸಿಂಸಾಬ ಕಂಬಗಳ ಸಾಲಿನ ಗುಂಟ ಓಡುತ್ತ ಬಂದ. ಖೋಲಿ ಹತ್ತಿರವಾದಂತೆ ಓಟ ಬಿಟ್ಟು ನಡೆದ. ಬಾಗಿಲಲ್ಲಿ ನಿಂತು ಸ್ವಿಚ್ಚುಗಳನ್ನು ನೋಡಿದ, ಕುಂಕುಮ ನೋಡಿದ, ಸ್ಟೂಲಿನ ಮೇಲಿದ್ದವನನ್ನು ನೋಡಿದ.

"ಸಾಬ, ಕೈಗೆ ಏನಾರ ಆಗೇತೇನು?"

"ಇಲ್ಲ."

"ಕರೆಂಟ್ ಹೊಡೀತೇನು?"

"ಇಲ್ಲೋ ಮಾರಾಯ."

"ಮತ್ತ ಎಳೀರಲ್ಲ. ಸಾಹೇಬ್ರ ಮಾರಿ ಸುಣ್ಣದಂಗ ಆಗೇತಿ. ಸ್ವಿಚ್ ಎಳಿ ಅಂತ ಹೇಳು, ಈಗಿಂದೀಗ ಎಳಿ ಅಂತ ಹೇಳು ಅಂದ್ರು. ಮೆಲ್ಲಕ ಹೇಳು, ಯಾರಿಗೂ ಕೇಳಬಾರದು ಅಂದ್ರು."

"ಎಳ್ಯಾಂಗಿಲ್ಲ."

ಕಾಸಿಂಸಾಬ ತಲೆ ಕೆರೆದುಕೊಂಡ. "ನೌಕರಿ ಹೋಗತೈತಿ."

"ಗೊತ್ತೈತಿ."

"ನೌಕರಿ ಒಂದ ಹೋದ್ರ ಪುಣ್ಯ. ನಿಮ್ಮನ್ನೂ ಆ ಹಗ್ಗಕ್ಕ ಕಟ್ತಾರ್ರಿ. ಹಗ್ಗ ಉದ್ದ ಐತಿ, ನಾ ನೋಡೀನಿ."

"ಎಳ್ಯಾಂಗಿಲ್ಲ ಅಂತ ಹೋಗಿ ಹೇಳು, ಕಾಸಿಂಸಾಬ. ಗಟ್ಟಿಯಾಗಿ ಹೇಳು, ಎಲ್ಲಾರಿಗೂ ಕೇಳಂಗ."

ಕಾಸಿಂಸಾಬ ಹೋಗಲಿಲ್ಲ. ಹೊಸ್ತಿಲ ಮೇಲೆ, ಬಾಗಿಲಿಗೆ ಅಡ್ಡವಾಗಿ ಕೂತ. ಕಿವಿಯ ಮೇಲಿನ ಬೀಡಿ ತೆಗೆದ. "ಅದನ್ನ ಹೇಳಾಕ ನಾ ಯಾಕ ಅಷ್ಟು ದೂರ ಓಡ್ಲಿ? ಮುಳ್ಳ ಹೇಳಾಕತ್ತೈತಲ್ಲ," ಎಂದ.

ಶಾಮಿಯಾನದಲ್ಲಿ ಈಗ ಎಲ್ಲರೂ ಎದ್ದು ನಿಂತಿದ್ದರು. ಹಗ್ಗ ಹಿಡಿದ ಪೊಲೀಸಿನವನೂ ಮೀಟರಿನ ಕಡೆಗೆ ಕತ್ತು ಚಾಚಿದ್ದ. ಅಮೋಘಸಿದ್ಧ ನೆಲಕ್ಕೆ ಪೂರ್ತಿ ಕೂತು ಕಾಲು ನೀಡಿಕೊಂಡಿದ್ದ. ಬೇಲಿಯ ಬಳಿ ಬುಟ್ಟಿ ಒಂದು ಕಡೆ ಎದ್ದಿತ್ತು. ಅಡಿಯಿಂದ ನುಸುಳಿದ ಮರಿಯೊಂದು ಮುಳ್ಳುತಂತಿಯ ಕೆಳಗೆ ಹಾದು ಬಯಲಿಗೆ ಬಂತು. ಅತ್ತಿತ್ತ ನೋಡಿತು. ಕುಂಟುತ್ತ ಬಂದು ಸಾಲಿನ ಕೊನೆಯ ಕಂಬದ ಬುಡದಲ್ಲಿ, ಕೈಬೆರಳಿನಷ್ಟು ಅಗಲದ ನೆರಳಿನೊಳಗೆ ತಲೆಯಿಟ್ಟು ನಿಂತಿತು.

ದೂರದಲ್ಲಿ ಬಿಳಿ ವಸ್ತ್ರ ಮತ್ತೆ ಮೇಲೆದ್ದಿತು.